ತೊಗರಿ ದರದ ಆ್ಯಪ್‌ಗೆ ಯಾವ ಕ್ಲೌಡ್ ಛಲೋ? ಪೈಥಾನ್, ಪಿಎಚ್‌ಪಿ, ಜಾವಾ ಮೂರೂ ಓಡಬೇಕು, ತಿಂಗಳಿಗೆ 800 ರೂಪಾಯಿ ಒಳಗ

ಗಂಜ್_ಕೋಡರ್ (ಕಲಬುರಗಿ)
ನಮಸ್ಕಾರ್ರಿ ಎಲ್ಲರಿಗೂ. ಗಂಜಿನ (ದವಸದ ಮಾರ್ಕೆಟ್) ಅಡತಿ (ದಲ್ಲಾಳಿ) ಅಂಗಡಿಗಳ ಸಲುವಾಗಿ ಒಂದು ಆ್ಯಪ್ ತಯಾರಾಗ್ಯದ. ತೊಗರಿ, ಕಡ್ಲಿ, ಹೆಸರಿನ ದಿನದ ದರ ತೋರ್ಸೋ ಪುಟ ಒಂದು, ಅದನ್ನ ಯಾರ್ ಬೇಕಾದ್ರೂ ನೋಡಬಹುದು. ಅಂಗಡಿಯವ್ರು ಲಾಗಿನ್ ಆಗಿ ಚೀಲದ ಲೆಕ್ಕ ಹಾಕಿ ರೈತರಿಗೆ ಕನ್ನಡದಾಗ ಪಿಡಿಎಫ್ ಪಟ್ಟಿ ಕೊಡೋ ಭಾಗ ಇನ್ನೊಂದು. ಇದು ಜಾಂಗೋ (ಪೈಥಾನ್ ವೆಬ್ ಚೌಕಟ್ಟು) ಮತ್ತ ಪೋಸ್ಟ್‌ಗ್ರೆಸ್ (ಡೇಟಾಬೇಸ್). ತೂಕದ ಚೀಟಿ ಬಿಡಿಸೋ ಹಳೇ ಕೋಡ್ ಪಿಎಚ್‌ಪಿ ಒಳಗ ಅದ. ವರದಿ ಬರ್ಯೋ ಹುಡುಗ ಸ್ಪ್ರಿಂಗ್ ಬೂಟ್ (ಜಾವಾ ಚೌಕಟ್ಟು) ಬಿಟ್ಟು ಬ್ಯಾರೆ ಮುಟ್ಟಲ್ಲ ಅಂತಾನ.

ಅಂಗಡಿ ಸುಮಾರು 40. ದರದ ಪುಟಕ್ಕ ದಿನಕ್ಕ ಐದಾರು ಸಾವಿರ ಮಂದಿ ಬರಬಹುದು, ಅದೂ ಡಿಸೆಂಬರ್‌ದಿಂದ ಫೆಬ್ರವರಿ ತನಕ. ಉಳಿದ ತಿಂಗಳು ಗದ್ದಲ ಇರಲ್ಲ. ಹೆರೋಕು, ರೆಂಡರ್, ಡಿಜಿಟಲ್ ಓಷನ್, ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಇವುಗಳೊಳಗ ಮೂರೂ ಭಾಷೆ ಓಡಿಸೋದು ಯಾವ್ದು, ಖರೆ ಖರ್ಚು ಎಷ್ಟು ಬೀಳ್ತದ, ಗೊತ್ತಿದ್ದೋರು ಹೇಳ್ರಿ.

ಬೀದರ್_ಬೈಟ್
ಹೆರೋಕು ಫ್ರೀ ಅದಲ್ಲ. ಅಲ್ಲೇ ಹಾಕಿ ಬಿಡ್ರಿ.

ಸೇಡಂ_ಸಿಸಾಡ್ಮಿನ್
ಯಾವ ಕಾಲದಾಗ ಅದೀರಿ ಭಾಯಿ? 2022ರ ನವೆಂಬರ್ 28ಕ್ಕೇ ಹೆರೋಕು ಫ್ರೀ ಡೈನೊ (ಆ್ಯಪ್ ಓಡಿಸೋ ಕಂಟೇನರ್) ಬಂದ್ ಆಗ್ಯಾವ. ಈಗ ಎಲ್ಲಕ್ಕಿಂತ ಕಮ್ಮಿ ಅಂದ್ರ ಇಕೋ ಪ್ಲಾನ್: 5 ಡಾಲರಿಗೆ ತಿಂಗಳಿಗೆ 1000 ತಾಸು. ಆ ತಾಸು ಖಾತೆಯೊಳಗಿನ ಎಲ್ಲಾ ಆ್ಯಪ್‌ಗೂ ಕೂಡಿ. ಅರ್ಧ ತಾಸು ಯಾರೂ ಬರ್ಲಿಲ್ಲ ಅಂದ್ರ ಮಲಗ್ತದ, ಮುಂದಿನವ ಬಂದಾಗ ಏಳ್ಲಿಕ್ಕ ಟೈಮ್ ತಗೋತದ. ತಿಂಗಳಿಗೆ 720 ತಾಸು. ಮೂರು ಆ್ಯಪ್ ಹಗಲು ರಾತ್ರಿ ಎಚ್ಚರ ಇದ್ರ 2160 ಬೇಕು. ಮಲಗಬಾರ್ದು ಅಂದ್ರ ಬೇಸಿಕ್, ಒಂದೊಂದಕ್ಕ 7 ಡಾಲರ್. ಮೂರಕ್ಕ 21, ಅದರ ಮ್ಯಾಗ ಪೋಸ್ಟ್‌ಗ್ರೆಸ್ 5. ಒಟ್ಟು 26 ಡಾಲರ್. ನಿಮ್ಮ 800 ರೂಪಾಯಿ ಎಲ್ಲಿ ಉಳೀತು?

ಬೀದರ್_ಬೈಟ್
ಭಾಷೆ ವಿಷಯದಾಗ ಮಾತ್ರ ಹೆರೋಕು ಮುಂದೇ ಅದ, ಅದನ್ನ ಒಪ್ಪಬೇಕು. ರೂಬಿ, ನೋಡ್, ಪೈಥಾನ್, ಪಿಎಚ್‌ಪಿ, ಜಾವಾ, ಸ್ಕಾಲಾ, ಕ್ಲೋಜರ್, ಗೋ ಎಲ್ಲಾ ಅವರದೇ ಬಿಲ್ಡ್‌ಪ್ಯಾಕ್ (ಕೋಡ್ ನೋಡಿ ಆ ಭಾಷೆಗೆ ಬೇಕಾದ್ದು ಹಾಕೋ ಸಾಧನ) ಮ್ಯಾಗ ಓಡ್ತಾವ. ಗಿಟ್ ಪುಶ್ ಹೊಡದ್ರ ಮುಗೀತು.

ಆಳಂದ_ಅಕ್ಕ
ಭಾಷೆಯ ಪಟ್ಟಿಯನ್ನು ಎರಡು ರೀತಿ ಓದಬೇಕು. ವೇದಿಕೆಯವರೇ ರನ್‌ಟೈಮ್ (ಆ ಭಾಷೆ ಓಡಿಸುವ ತಂತ್ರಾಂಶ) ಕೊಟ್ಟು, ಅದರ ಭದ್ರತಾ ಅಪ್‌ಡೇಟ್ ನೋಡಿಕೊಳ್ಳುವುದು ಒಂದು. "ಡಾಕರ್ ಇಮೇಜ್ ಕೊಡಿ, ಓಡಿಸುತ್ತೇವೆ" ಎನ್ನುವುದು ಇನ್ನೊಂದು; ಆ್ಯಪ್ ಮತ್ತು ಅದಕ್ಕೆ ಬೇಕಾದದ್ದೆಲ್ಲ ಕಟ್ಟಿದ ಪೊಟ್ಟಣವೇ ಡಾಕರ್ ಇಮೇಜ್. ಜಾಹೀರಾತಿನಲ್ಲಿ ಎರಡಕ್ಕೂ "ಎಲ್ಲಾ ಭಾಷೆಗೆ ಬೆಂಬಲ" ಎಂದೇ ಬರೆದಿರುತ್ತದೆ.

ರೆಂಡರ್‌ನಲ್ಲಿ ನೋಡ್, ಪೈಥಾನ್, ರೂಬಿ, ಗೋ, ರಸ್ಟ್, ಎಲಿಕ್ಸಿರ್ ನೇರವಾಗಿ ಓಡುತ್ತವೆ. ಪಿಎಚ್‌ಪಿ ಮತ್ತು ಜಾವಾ ಬೇಕೆಂದರೆ ಡಾಕರ್‌ಫೈಲ್ ನೀವೇ ಬರೆಯಬೇಕು. ಎಡಬ್ಲ್ಯೂಎಸ್‌ನ ಲ್ಯಾಂಬ್ಡಾದಲ್ಲಿ (ಕರೆದಾಗ ಮಾತ್ರ ಕೋಡ್ ಓಡಿಸುವ ಸೇವೆ) ನೋಡ್, ಪೈಥಾನ್, ಜಾವಾ, ಡಾಟ್‌ನೆಟ್, ರೂಬಿಗೆ ತಯಾರು ರನ್‌ಟೈಮ್ ಇದೆ, ಪಿಎಚ್‌ಪಿಗೆ ಇಲ್ಲ. ಅಲ್ಲಿ ಪಿಎಚ್‌ಪಿ ಓಡಿಸುವವರು ಬ್ರೆಫ್ ಎಂಬ ಪದರ ಹಾಕಿಕೊಳ್ಳುತ್ತಾರೆ. ಮೈಕ್ರೋಸಾಫ್ಟ್‌ನ ಅಜೂರ್ ಆ್ಯಪ್ ಸರ್ವೀಸ್‌ನಲ್ಲಿ ನಿಮ್ಮ ಮೂರೂ ಭಾಷೆ ನೇರವಾಗಿ ಸಿಗುತ್ತವೆ. ಆದರೆ ಅದರ ಉಚಿತ ಹಂತದಲ್ಲಿ ದಿನಕ್ಕೆ 60 ನಿಮಿಷದ ಸಿಪಿಯು ಮಾತ್ರ. ದುಡ್ಡು ಕೊಡುವ ಹಂತ ನಿಮ್ಮ ಬಜೆಟ್ಟಿಗೆ ಕೂರುವುದಿಲ್ಲ.

ರೆಂಡರ್ ಉಚಿತ ಹಂತದ ಬಗ್ಗೆ ಒಂದು ಎಚ್ಚರಿಕೆ: 15 ನಿಮಿಷ ಯಾರೂ ಬರದಿದ್ದರೆ ಸರ್ವೀಸ್ ನಿಲ್ಲುತ್ತದೆ, ಉಚಿತ ಪೋಸ್ಟ್‌ಗ್ರೆಸ್ 30 ದಿನಕ್ಕೆ ಅವಧಿ ಮುಗಿಯುತ್ತದೆ. ಲೆಕ್ಕಪತ್ರ ಇಡುವ ಜಾಗ ಅದಲ್ಲ.

ಶಹಾಪುರ_ಡೆವ್ (ಯಾದಗಿರಿ)
ಡಾಕರ್ ಬಂದ ಮ್ಯಾಗೂ ಭಾಷೆ ಬೆಂಬಲ ಕೇಳೋದ್ಯಾಕ್ರಿ? ಕಂಟೇನರ್ ಒಳಗ ಕೋಬಾಲ್ ಬೇಕಂದ್ರೂ ಓಡ್ತದ.

ಆಳಂದ_ಅಕ್ಕ
ಓಡುತ್ತದೆ ತಮ್ಮಾ. ಆರು ತಿಂಗಳಾದ ಮೇಲೆ ಆ ಇಮೇಜಿನೊಳಗಿನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯಲ್ಲಿ ತೂತು ಕಂಡರೆ ಮತ್ತೆ ಬಿಲ್ಡ್ ಮಾಡುವವರು ಯಾರು? ಬಿಲ್ಡ್‌ಪ್ಯಾಕ್ ಆದರೆ ಇನ್ನೊಮ್ಮೆ ಡಿಪ್ಲಾಯ್ ಮಾಡಿದರೆ ಹೊಸ ರನ್‌ಟೈಮ್ ಸಿಗುತ್ತದೆ. ಅಡತಿ ಅಂಗಡಿಯವರು ಆ ಕೆಲಸಕ್ಕೆ ತಿಂಗಳ ಸಂಬಳ ಕೊಡುತ್ತಾರೆಯೇ?

ಶಹಾಪುರ_ಡೆವ್ (ಯಾದಗಿರಿ)
ತಿಂಗಳಿಗೊಮ್ಮೆ ತಾನಾಗೇ ಬಿಲ್ಡ್ ಆಗೋಹಂಗ ಗಿಟ್‌ಹಬ್ ಆಕ್ಷನ್ಸ್ ಒಳಗ ಶೆಡ್ಯೂಲ್ ಹಾಕಿದ್ರ ಆಯ್ತಲ್ಲಕ್ಕಾ. ಅದಕ್ಕ ಸಂಬಳ ಯಾಕ ಬೇಕು?

ಆಳಂದ_ಅಕ್ಕ
ತಾನಾಗೇ ಬಿಲ್ಡ್ ಆಗಿದ್ದು ತಾನಾಗೇ ಮುರಿದುಕೊಂಡರೆ ಸರಿಮಾಡಲು ಮನುಷ್ಯ ಬೇಕು.

ಕಾಕಾ_ಲಿನಕ್ಸ್ (ಕಲಬುರಗಿ)
ಇಬ್ಬರೂ ಜರಾ ನಿಲ್ರಿ. 2008ರಾಗ ಗೂಗಲ್ ಆ್ಯಪ್ ಎಂಜಿನ್ ಬಂದಾಗ ಬರೇ ಪೈಥಾನ್ ಇತ್ತು, ಮುಂದಿನ ವರ್ಷ ಜಾವಾ ಬಂತು. ಹೆರೋಕು ಶುರುವಾಗಿದ್ದು ರೂಬಿ ಒಂದಕ್ಕೇ. ಆಗ ಭಾಷೆ ನೋಡೇ ವೇದಿಕೆ ಆರಿಸಬೇಕಾಗ್ತಿತ್ತು. ಈಗ ಬಿಲ್ ಏರೋದು ಮೆಮೊರಿ, ಡೇಟಾಬೇಸ್, ಹೊರಗ ಹೋಗೋ ಡೇಟಾ ಈ ಮೂರರ ಮ್ಯಾಗ. ಮೂರು ಭಾಷೆ ಅಂದ್ರ ಮೂರು ಸರ್ವೀಸ್, ಮೂರು ಮೀಟರ್. ಅದಕ್ಕ ನನ್ನ ಮಾತು: ಒಂದೇ ಸಣ್ಣ ವರ್ಚುವಲ್ ಮಶೀನ್ (ಬಾಡಿಗಿ ಸರ್ವರ್) ತಗೊಂಡು ಮೂರನ್ನೂ ಅದರೊಳಗ ಕೂಡ್ಸ್ರಿ.

ಡಿಜಿಟಲ್ ಓಷನ್‌ಗೆ ಬೆಂಗಳೂರಿನಾಗೇ ಡೇಟಾ ಸೆಂಟರ್ ಅದ. 1 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್, 1000 ಜಿಬಿ ಟ್ರಾನ್ಸ್‌ಫರ್ ಇರೋ ಡ್ರಾಪ್ಲೆಟ್ (ಅವರ ವರ್ಚುವಲ್ ಮಶೀನ್) 6 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದ್ರ 540. ಅದಕ್ಕ 18% ಜಿಎಸ್‌ಟಿ, 637. ಕಾರ್ಡಿನವ್ರು ವಿದೇಶಿ ವ್ಯವಹಾರಕ್ಕ 3.5% ಕತ್ತರಿಸಿದ್ರ 660 ಆಸುಪಾಸು. ವಾರದ ಬ್ಯಾಕಪ್ ಆನ್ ಮಾಡಿದ್ರ ಬಾಡಿಗಿಯ 20% ಜಾಸ್ತಿ, ಎಲ್ಲಾ ಕೂಡಿ 790ರ ಸಮೀಪ. ನಿಮ್ಮ 800ರೊಳಗ ಬಂತು.

ಮ್ಯಾನೇಜ್ಡ್ ಪೋಸ್ಟ್‌ಗ್ರೆಸ್ ಕಡಿ ಹೋಗಬ್ಯಾಡ್ರಿ, ಅಲ್ಲಿ ಅದೇ 15 ಡಾಲರ್‌ದಿಂದ ಶುರು. ಡ್ರಾಪ್ಲೆಟ್ ಒಳಗೇ ಹಾಕ್ಕೊಳ್ರಿ.

ಸೇಡಂ_ಸಿಸಾಡ್ಮಿನ್
ಕಾಕಾ, ಎಡಬ್ಲ್ಯೂಎಸ್‌ದ ಸಣ್ಣ ಮಶೀನ್ ಲೈಟ್‌ಸೇಲ್ ಹೇಳೋದು ಬಿಟ್ರಿ. ಮುಂಬೈಯೊಳಗ 1 ಜಿಬಿ, 40 ಜಿಬಿ ಡಿಸ್ಕ್, 7 ಡಾಲರ್. ಎಡಬ್ಲ್ಯೂಎಸ್ ಇಂಡಿಯಾ ಖಾತೆಗೆ ಬಿಲ್ ರೂಪಾಯಿಯೊಳಗ ಬರ್ತದ, ಯುಪಿಐ ನಡೀತದ. 630ಕ್ಕ ಜಿಎಸ್‌ಟಿ ಕೂಡಿದ್ರ 743, ಕಾರ್ಡಿನ 3.5% ಮಾತೇ ಇಲ್ಲ. ಸ್ನ್ಯಾಪ್‌ಶಾಟ್‌ಗೆ (ಡಿಸ್ಕಿನ ಪ್ರತಿ) ಮಾತ್ರ ಬ್ಯಾರೆ ರೊಕ್ಕ. ಮುಂಬೈಗೆ ಟ್ರಾನ್ಸ್‌ಫರ್ ಮಿತಿ ಬ್ಯಾರೆ ಕಡಿಗಿಂತ ಅರ್ಧ, ಆದ್ರೂ 1 ಟಿಬಿ ಸಿಗ್ತದ. ದರದ ಪುಟಕ್ಕ ಅದು ಹೇರಳ.

ಶಹಾಪುರ_ಡೆವ್ (ಯಾದಗಿರಿ)
ಲೈಟ್‌ಸೇಲ್ ಯಾಕ, ನೇರ ಇಸಿ2 (ಎಡಬ್ಲ್ಯೂಎಸ್‌ದ ಬಳಸಿದಷ್ಟೇ ಲೆಕ್ಕದ ಮಶೀನ್) ತಗೊಂಡು ಬ್ಯಾಡಾದಾಗ ಸ್ಟಾಪ್ ಮಾಡಿದ್ರ ಇನ್ನೂ ಕಮ್ಮಿ ಆಗ್ತದಲ್ಲ?

ಸೇಡಂ_ಸಿಸಾಡ್ಮಿನ್
ಸ್ಟಾಪ್ ಮಾಡಿದ್ರ ನಿಲ್ಲೋದು ಸಿಪಿಯು ಮೀಟರ್ ಒಂದೇ. ಇಬಿಎಸ್ ಡಿಸ್ಕಿನ ಬಾಡಿಗಿ ಓಡ್ತಿರ್ತದ. 2024ರ ಫೆಬ್ರವರಿ 1ರಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕ ತಾಸಿಗೆ 0.005 ಡಾಲರ್ ಬೀಳ್ತದ, ತಿಂಗಳಿಗೆ 3.6. ಎಲಾಸ್ಟಿಕ್ ಐಪಿ (ಬದಲಾಗದ ವಿಳಾಸ) ಹಿಡ್ಕೊಂಡಿದ್ರ ಮಶೀನ್ ಬಂದ್ ಇದ್ರೂ ಅದು ತಪ್ಪಲ್ಲ. ಲೈಟ್‌ಸೇಲ್ 7 ಡಾಲರಿನೊಳಗ ಐಪಿ, ಡಿಸ್ಕ್ ಎರಡೂ ಸೇರ್ಯಾವ. ಡಿಜಿಟಲ್ ಓಷನ್ ಕಥಿ ಇನ್ನೂ ನೇರ: ಡ್ರಾಪ್ಲೆಟ್ ಪವರ್ ಆಫ್ ಮಾಡಿದ್ರೂ ಪೂರಾ ಬಿಲ್. ಅಳಿಸಿದ್ರ ಮಾತ್ರ ನಿಲ್ತದ.

ಗಂಜ್_ಕೋಡರ್ (ಕಲಬುರಗಿ)
ಲೆಕ್ಕ ತಿಳೀತ್ರಿ. ಆದ್ರ 1 ಜಿಬಿಯೊಳಗ ಪೋಸ್ಟ್‌ಗ್ರೆಸ್, ಜಾಂಗೋ, ಪಿಎಚ್‌ಪಿ, ಜಾವಾ ನಾಲ್ಕೂ ಕೂಡ್ತಾವೇನ್ರಿ ಕಾಕಾ?

ಕಾಕಾ_ಲಿನಕ್ಸ್ (ಕಲಬುರಗಿ)
ಮೂರು ಕೂಡ್ತಾವ, ನಾಲ್ಕನೇದು ಕೂಡಲ್ಲ. ಕೂಡಿಸಿ ನೋಡ್ರಿ. ಉಬುಂಟು ತಾನೇ 150ರಿಂದ 200 ಎಂಬಿ. ಪೋಸ್ಟ್‌ಗ್ರೆಸ್ 100–150. ಜಾಂಗೋ ಓಡಿಸೋ ಗುನಿಕಾರ್ನ್‌ಗೆ ಸೂತ್ರ ಅಂತ "ಕೋರ್ ಎರಡರಷ್ಟು ಕೂಡ್ಸು ಒಂದು" ಹೇಳ್ತಾರ, ಒಂದು ಕೋರಿಗೆ ಮೂರು ವರ್ಕರ್ ಆಗ್ತಾವ. ನೀವು ಎರಡೇ ಇಡ್ರಿ, ಒಂದೊಂದು ಸುಮಾರು 100 ಎಂಬಿ. ಪಾಂಡಾಸ್ ಇಂಪೋರ್ಟ್ ಮಾಡಿದ್ರ ಇನ್ನೂ ಉಬ್ತದ. ಪಿಎಚ್‌ಪಿ ಓಡಿಸೋ ಎಫ್‌ಪಿಎಂ ಒಂದು ಪ್ರೋಸೆಸ್ 30–50. ಅದನ್ನ ಆನ್‌ಡಿಮ್ಯಾಂಡ್ ಮೋಡಿಗೆ ಹಾಕಿ ಮ್ಯಾಕ್ಸ್ ಚಿಲ್ಡ್ರನ್ 3 ಕೊಡ್ರಿ, ಚೀಟಿ ಬಿಡಿಸೋ ಕೆಲಸ ಇಲ್ದಾಗ ಮೆಮೊರಿ ವಾಪಸ್ ಕೊಡ್ತದ. ಇಲ್ಲಿಗೇ 650 ಆಯ್ತು. ಸ್ಪ್ರಿಂಗ್ ಬೂಟ್ ಸುಮ್ನ ಕುಂತ್ರೂ 300 ಮ್ಯಾಗ ಕೇಳ್ತದ.

2 ಜಿಬಿ ಸ್ವಾಪ್ ಫೈಲ್ (ಮೆಮೊರಿ ತುಂಬಿದಾಗ ಡಿಸ್ಕ್ ಬಳಸೋ ಜಾಗ) ಮೊದಲೇ ಮಾಡ್ರಿ. ಫೈಲ್ ಹುಟ್ಟಿಸಿ, ಪರ್ಮಿಶನ್ 600 ಕೊಟ್ಟು, ಎಂಕೆಸ್ವಾಪ್, ಆಮ್ಯಾಲೆ ಸ್ವಾಪಾನ್. ಎಫ್‌ಎಸ್‌ಟ್ಯಾಬ್ ಫೈಲ್ ಒಳಗ ಸಾಲು ಹಾಕ್ಲಿಲ್ಲಂದ್ರ ರೀಬೂಟ್ ಆದ ಮ್ಯಾಗ ಸ್ವಾಪ್ ಇರಲ್ಲ. ಭಾಳ ಮಂದಿ ಇಲ್ಲೇ ಎಡವ್ತಾರ.

ಜಾವಾ_ಜವಾರಿ (ಬೀದರ್)
ಜಾವಾ ಅಂದ ಕೂಡ್ಲೇ ಎಲ್ಲಾರೂ ಬೈಯೋದು ಶುರು. ಬಿಟ್ಟ ಹಂಗೇ ಓಡಿಸಿದ್ರ ಯಾವ್ದಾದ್ರೂ ತಿಂತದ. ಕಂಟೇನರ್ ಮೆಮೊರಿಯ ಕಾಲು ಭಾಗ ಮಾತ್ರ ಹೀಪ್‌ಗೆ (ಡೇಟಾ ಇಡೋ ಮೆಮೊರಿ) ತಗೊಳ್ಳೋದು ಜೆವಿಎಂ (ಜಾವಾ ಓಡಿಸೋ ಎಂಜಿನ್) ರೂಢಿ, 512 ಎಂಬಿಗೆ 128. ಅದು ಸಾಲಲ್ಲ ಅಂತ ಮ್ಯಾಕ್ಸ್ ರ‍್ಯಾಮ್ ಪರ್ಸೆಂಟೇಜ್ 80–90ಕ್ಕ ಏರಿಸ್ತಾರ. ಹೀಪ್ ಹೊರಗ ಮೆಟಾಸ್ಪೇಸ್, ಥ್ರೆಡ್ ಸ್ಟ್ಯಾಕ್, ಜಿಟ್ ಕೋಡ್ ಇರ್ತಾವ ಅನ್ನೋದೇ ನೆನಪಿರಲ್ಲ. ಆಮ್ಯಾಲೆ ಎಕ್ಸಿಟ್ ಕೋಡ್ 137 (ಮೆಮೊರಿ ಮೀರಿ ಬಂದ್ ಆದದ್ದು) ಬಂತು ಅಂತ ಅಳ್ತಾರ. 50–60ರೊಳಗ ಇಡ್ರಿ. ಟಾಮ್‌ಕ್ಯಾಟ್ (ಜಾವಾ ವೆಬ್ ಸರ್ವರ್) ಥ್ರೆಡ್ ಮಿತಿ 200 ಇರ್ತದ, 20ಕ್ಕ ಇಳಿಸ್ರಿ. 40 ಅಂಗಡಿಗೆ ಅದೇ ಭಾಳಾಯ್ತು.

ಕಾಕಾ_ಲಿನಕ್ಸ್ (ಕಲಬುರಗಿ)
ಮಾತು ಖರೆ ಜವಾರಿ, ಆದ್ರ ವರದಿ ನೋಡೋದು ದಿನಕ್ಕ ಒಮ್ಮೆ. ಅದಕ್ಕ 24 ತಾಸು ಸರ್ವರ್ ಎಬ್ಬಿಸಿ ಕೂಡ್ಸೋದ್ಯಾಕ? ವೆಬ್ ಭಾಗ ತಗದು ಕಮಾಂಡ್ ಲೈನ್ ಜಾಬ್ ಮಾಡ್ರಿ. ರಾತ್ರಿ ಎದ್ದು, 256 ಎಂಬಿ ಹೀಪಿನಾಗ ವರದಿ ಬರೆದು, ಸಾಯ್ಲಿ. ಹುಡುಗನ ಜಾವಾನೂ ಉಳೀತದ, ಮಶೀನೂ ಉಳೀತದ.

ಜಾವಾ_ಜವಾರಿ (ಬೀದರ್)
ಇದಕ್ಕ ತಕರಾರಿಲ್ಲ. ಅಂಗಡಿಯವ್ರು "ಈಗಿಂದೀಗ ವರದಿ ಬೇಕು" ಅಂದ ದಿವಸ ನನ್ನ ನೆನಸ್ಕೊಳ್ರಿ ಅಷ್ಟೇ.

ಬೀದರ್_ಬೈಟ್
ಆ ರಾತ್ರಿ ಜಾಬಿಗೆ ಕ್ರಾನ್ (ಹೇಳಿದ ಟೈಮಿಗೆ ಓಡಿಸೋದು) ಹಾಕುವಾಗ ಟೈಮ್ ನೋಡ್ರಿ. ಸರ್ವರ್ ಯುಟಿಸಿ (ನಮ್ಮ ಟೈಮಿಗಿಂತ ಐದೂವರೆ ತಾಸು ಹಿಂದ) ಮ್ಯಾಗ ಇರ್ತದ. ರಾತ್ರಿ 11ಕ್ಕ ವರದಿ ಬೇಕಂದ್ರ ಕ್ರಾನ್ ಒಳಗ 17:30 ಬರೀಬೇಕು. 23:00 ಬರೆದ್ರ ಮುಂಜಾನೆ ನಾಲ್ಕೂವರೆಗೆ ಓಡ್ತದ.

ಆಳಂದ_ಅಕ್ಕ
ಒಂದು ಮುಖ್ಯ ವಿಷಯ ಯಾರೂ ಎತ್ತಲಿಲ್ಲ. ದರದ ಪುಟ ದಿನಕ್ಕೆ ಎರಡು ಮೂರು ಸಲ ಬದಲಾಗುತ್ತದೆ. ಐದು ಸಾವಿರ ಜನ ನೋಡುವುದು ಅದೇ ಅಂಕಿಗಳನ್ನು. ಪ್ರತಿಯೊಬ್ಬರಿಗೂ ಜಾಂಗೋ ಎದ್ದು ಡೇಟಾಬೇಸ್ ಕೇಳುವ ಅಗತ್ಯವೇನು? ದರ ತುಂಬಿದ ಕೂಡಲೇ ಒಂದು ಎಚ್‌ಟಿಎಂಎಲ್ ಫೈಲ್ ಬರೆದು ಕ್ಲೌಡ್‌ಫ್ಲೇರ್ ಪೇಜಸ್‌ಗೆ (ಸಿದ್ಧ ಪುಟಗಳನ್ನು ತೋರಿಸುವ ಸೇವೆ) ತಳ್ಳಿ. ಉಚಿತ ಹಂತದಲ್ಲಿ ತಿಂಗಳಿಗೆ 500 ಬಿಲ್ಡ್ ಇದೆ, ನಿಮಗೆ ಬೇಕಾಗುವುದು ನೂರರ ಒಳಗೆ. ಸ್ಟ್ಯಾಟಿಕ್ ಫೈಲಿಗೆ ಎಷ್ಟು ಜನ ಬಂದರೂ ಶುಲ್ಕವಿಲ್ಲ. ಸುಗ್ಗಿಯ ಗದ್ದಲ ಡ್ರಾಪ್ಲೆಟ್ಟನ್ನು ಮುಟ್ಟುವುದೇ ಇಲ್ಲ. ಅಂಥದೇ ಸೇವೆ ವರ್ಸೆಲ್‌ನ ಉಚಿತ ಹಂತದ ಮೇಲೆ ಮಾತ್ರ ಇದನ್ನು ಹಾಕಬೇಡಿ, ಅದು ವ್ಯಾಪಾರೇತರ ಬಳಕೆಗೆ ಮಾತ್ರ ಎಂದು ಅವರ ನಿಯಮದಲ್ಲೇ ಇದೆ.

ಗಂಜ್_ಕೋಡರ್ (ಕಲಬುರಗಿ)
ಅಕ್ಕಾ, ಇದು ತಲ್ಯಾಗೇ ಹೊಳೆದಿದ್ದಿಲ್ಲ. ಹಂಗಾದ್ರ ಮಶೀನ್ ಮ್ಯಾಗ 40 ಅಂಗಡಿಯ ಲಾಗಿನ್ ಅಷ್ಟೇ ಉಳೀತದ. ಆದ್ರೂ ಜನವರಿಯೊಳಗ ಪಟ್ಟಿ ತೆಗೆಯೋ ಗದ್ದಲಕ್ಕ 2 ಜಿಬಿ ಬೇಕಾದ್ರ?

ಕಾಕಾ_ಲಿನಕ್ಸ್ (ಕಲಬುರಗಿ)
ಇಲ್ಲಿ ಡ್ರಾಪ್ಲೆಟ್ ಗೆಲ್ತದ. ಪವರ್ ಆಫ್ ಮಾಡಿ ರೀಸೈಜ್ ಒಳಗ "ಸಿಪಿಯು ಮತ್ತ ರ‍್ಯಾಮ್ ಮಾತ್ರ" ಆರಿಸ್ರಿ. 2 ಜಿಬಿಗೆ 12 ಡಾಲರ್, ಸುಗ್ಗಿ ಮುಗಿದ ಮ್ಯಾಗ ಮತ್ತ 6ಕ್ಕ ಇಳೀಬಹುದು. ಡಿಸ್ಕ್ ಸುದ್ದಾ ಹಿಗ್ಗಿಸಿದ್ರಿ ಅಂದ್ರ ಕೆಳಗ ಬರ್ಲಿಕ್ಕ ದಾರಿ ಇಲ್ಲ. ಲೈಟ್‌ಸೇಲ್‌ದಾಗ ಸ್ನ್ಯಾಪ್‌ಶಾಟ್ ತಗದು ದೊಡ್ಡ ಪ್ಲಾನಿಗೆ ಹೋಗಬಹುದು, ಅದೇ ಸ್ನ್ಯಾಪ್‌ಶಾಟ್‌ದಿಂದ ಸಣ್ಣದಕ್ಕ ವಾಪಸ್ ಬರ್ಲಿಕ್ಕ ಬರಲ್ಲ. ವರ್ಷದಾಗ ಮೂರು ತಿಂಗಳು ಗದ್ದಲ ಇರೋ ಧಂದೆಗೆ ಇದು ದೊಡ್ಡ ಫರಕು.

ಶಹಾಪುರ_ಡೆವ್ (ಯಾದಗಿರಿ)
ಇಷ್ಟೆಲ್ಲಾ ಯಾಕ, ಒರಾಕಲ್ ಕ್ಲೌಡಿನ ಆಲ್ವೇಸ್ ಫ್ರೀ ಹಂತ ಅದ. ಹೈದರಾಬಾದ್ ನಮಗ ಸಮೀಪ. ಆರ್ಮ್ ಮಶೀನು, ರ‍್ಯಾಮ್ ಕೈತುಂಬ. ಜಾವಾ ಎರಡು ಓಡಿಸಿದ್ರೂ ಉಳೀತದ.

ಸೇಡಂ_ಸಿಸಾಡ್ಮಿನ್
ಸಿಕ್ರ ಛಲೋ. "ಔಟ್ ಆಫ್ ಕೆಪಾಸಿಟಿ" ಅಂತ ಬರೋದೇ ಜಾಸ್ತಿ. ಹೋಮ್ ರೀಜನ್ ಒಮ್ಮೆ ಆರಿಸಿದ್ರ ಬದಲಾಗಲ್ಲ, ಫ್ರೀ ಮಶೀನ್ ಸಿಗೋದು ಅಲ್ಲಷ್ಟೇ. ಸುಮ್ನ ಬಿದ್ದ ಮಶೀನ್ ವಾಪಸ್ ತಗೊಳ್ಳೋ ನಿಯಮನೂ ಅದ, ಮಾರ್ಚ್ ಆದ ಮ್ಯಾಗ ನಿಮ್ಮ ಆ್ಯಪ್ ಸುಮ್ನೇ ಬೀಳೋದಲ್ಲೇನು? ಇಂಟೆಲ್ ಲ್ಯಾಪ್‌ಟಾಪ್ ಮ್ಯಾಗ ಕಟ್ಟಿದ ಡಾಕರ್ ಇಮೇಜ್ ಅಲ್ಲಿ ಒಯ್ದ್ರ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಬರ್ತದ, ಆರ್ಮ್‌ಗೆ ಬ್ಯಾರೆ ಬಿಲ್ಡ್ ಬೇಕು. ಇನ್ನೊಂದು: ಕನ್ಸೋಲಿನಾಗ ಪೋರ್ಟ್ 443 ತೆಗೆದ್ರೂ ಸೈಟ್ ತೆರೆಯಲ್ಲ, ಯಾಕಂದ್ರ ಅವರ ಉಬುಂಟು ಇಮೇಜ್ ಒಳಗೇ ಐಪಿಟೇಬಲ್ಸ್ ಫೈರ್‌ವಾಲ್ ತಡೆ ಇರ್ತದ. ಎರಡೂ ಕಡಿ ತೆಗೀಬೇಕು.

ಹೊಸಬ_23 (ಯಾದಗಿರಿ)
ಮಧ್ಯ ಬಾಯಿ ಹಾಕ್ತೀನ್ರಿ. ಅಂಗಡ್ಯಾಗೇ ಒಂದು ಹಳೇ ಪಿಸಿ ಇಟ್ರ ಬಾಡಿಗಿನೇ ಇಲ್ಲಲ್ಲ?

ಕಾಕಾ_ಲಿನಕ್ಸ್ (ಕಲಬುರಗಿ)
ಏಪ್ರಿಲ್ ಮೇ ಒಳಗ 42 ಡಿಗ್ರಿ ದಾಟೋ ಊರಾಗ, ಪತ್ರಾಸಿನ ಕೆಳಗ, ಕರೆಂಟ್ ಹೋದ್ರ ಅರ್ಧ ತಾಸಿನ ಯುಪಿಎಸ್ ಮ್ಯಾಗ? ಅದೂ ಬಿಡ್ರಿ, ಮನಿ ಕನೆಕ್ಷನ್‌ಗಳು ಬಹಳಷ್ಟು ಸಿಜಿನ್ಯಾಟ್ (ಒಂದೇ ಐಪಿ ಹಲವು ಮನಿಗೆ) ಹಿಂದ ಇರ್ತಾವ, ಹೊರಗಿಂದ ನೇರ ಬರ್ಲಿಕ್ಕ ಪಬ್ಲಿಕ್ ಐಪಿನೇ ಇರಲ್ಲ. ಕ್ಲೌಡ್‌ಫ್ಲೇರ್ ಟನಲ್ ಹಾಕಿ ಕಲೀಲಿಕ್ಕ ಅಡ್ಡಿಯಿಲ್ಲ. ಮಂದಿ ರೊಕ್ಕದ ಲೆಕ್ಕ ಇಡ್ಲಿಕ್ಕ ಬ್ಯಾಡ.

ಹೊಸಬ_23 (ಯಾದಗಿರಿ)
ಕಾಲೇಜು ಪ್ರಾಜೆಕ್ಟಿಗೆ ಯಾವ್ದು ಬಳಸ್ಲಿ ಮತ್ತ? ಕ್ರೆಡಿಟ್ ಕಾರ್ಡ್ ಇಲ್ಲ.

ಆಳಂದ_ಅಕ್ಕ
ಅಜೂರ್ ಫಾರ್ ಸ್ಟೂಡೆಂಟ್ಸ್ ನೋಡಪ್ಪ. ಕಾಲೇಜಿನ ಇಮೇಲ್ ಇದ್ದರೆ ಕಾರ್ಡ್ ಇಲ್ಲದೆ 100 ಡಾಲರ್ ಕ್ರೆಡಿಟ್. ಪುಣೆ ಅಥವಾ ಚೆನ್ನೈ ರೀಜನ್ ಆರಿಸು.

ಬೀದರ್_ಬೈಟ್
ಕಾರ್ಡ್ ಅಂದ ಮ್ಯಾಗ ನೆನಪಾಯ್ತು. ಡಿಜಿಟಲ್ ಓಷನ್‌ಗೆ ಹೋಗೋದಾದ್ರ ಮೊದಲು ಬ್ಯಾಂಕ್ ಆ್ಯಪ್ ಒಳಗ ಇಂಟರ್‌ನ್ಯಾಷನಲ್ ವ್ಯವಹಾರ ಆನ್ ಮಾಡ್ರಿ. ಕಾರ್ಡ್ ಕೊಡುವಾಗ ಅದು ಬಂದ್ ಇರ್ತದ. 2021ರ ಅಕ್ಟೋಬರ್‌ದಿಂದ ಆರ್‌ಬಿಐ ಇ-ಮ್ಯಾಂಡೇಟ್ (ತಾನಾಗೇ ಕಟ್ ಆಗ್ಲಿಕ್ಕ ಒಪ್ಪಿಗೆ) ನಿಯಮ ಜಾರಿ ಅದ, ತಿಂಗಳ ತಿಂಗಳ ತಾನಾಗೇ ಕಟ್ ಆಗೋದು ಬಹಳ ಸಲ ಫೇಲ್ ಆಗ್ತದ. ಮೂರು ನಾಲ್ಕು ತಿಂಗಳಿಂದು ಮುಂಗಡ ತುಂಬಿ ಇಟ್ರ ತ್ರಾಸಿಲ್ಲ. ಅಂಗಡಿಯವರ ಜಿಎಸ್‌ಟಿ ನಂಬರ್ ಇದ್ರ ಖಾತೆಗೆ ಅದನ್ನೇ ಹಾಕ್ರಿ. ವಿದೇಶಿ ಕಂಪನಿ ಬಿಲ್ ರಿವರ್ಸ್ ಚಾರ್ಜ್ (ತೆರಿಗೆ ಕೊಂಡವರೇ ಕಟ್ಟೋದು) ಕೆಳಗ ಬರ್ತದ, ಅವರ ಅಕೌಂಟೆಂಟಿಗೆ ಒಂದು ಮಾತು ಕೇಳಿ ಮಾಡ್ರಿ.

ಸೇಡಂ_ಸಿಸಾಡ್ಮಿನ್
ಕನ್ನಡ ಪಿಡಿಎಫ್ ಅಂದ್ರಲ್ಲ, ಅದು ಲ್ಯಾಪ್‌ಟಾಪಿನಾಗ ಛಂದ ಬಂದು ಸರ್ವರ್ ಮ್ಯಾಗ ಬರೇ ಚೌಕ ಡಬ್ಬಿ ಬರ್ತಾವ. ಸರ್ವರ್ ಇಮೇಜಿನಾಗ ಕನ್ನಡ ಫಾಂಟೇ ಇರಲ್ಲ. ಡೆಬಿಯನ್, ಉಬುಂಟುಗಳಲ್ಲಿ ನೋಟೋ ಕೋರ್ ಫಾಂಟ್ ಪ್ಯಾಕೇಜ್ ಹಾಕ್ರಿ, ನೋಟೋ ಸಾನ್ಸ್ ಕನ್ನಡ ಅದರೊಳಗ ಬರ್ತದ.

ಫಾಂಟ್ ಬಂದ್ರೂ ಒತ್ತಕ್ಷರ ಒಡೀತಾವ ಅಂದ್ರ ಲೈಬ್ರರಿ ನೋಡ್ರಿ. ರಿಪೋರ್ಟ್‌ಲ್ಯಾಬ್ ಹಂಗೇ ಬಳಸಿದ್ರ ಅಕ್ಷರ ಜೋಡಿಸಲ್ಲ, "ಕಲಬುರ್ಗಿ" ಅಂತ ಬರೆದ್ರ ಅರ್ಕಾವೊತ್ತು ಜಾಗ ಬಿಟ್ಟು ಕೂಡ್ತದ. ವೀಸಿಪ್ರಿಂಟ್ ಅಕ್ಷರ ಜೋಡಿಸೋ ಪ್ಯಾಂಗೋ ಬಳಸ್ತದ, ಸರಿ ಬರ್ತದ. ಹೆಡ್‌ಲೆಸ್ ಕ್ರೋಮಿಯಮ್ ಸುದ್ದಾ ಸರಿ, ಆದ್ರ 1 ಜಿಬಿ ಮಶೀನಿಗೆ ಅದು ಭಾರ.

ಶಹಾಪುರ_ಡೆವ್ (ಯಾದಗಿರಿ)
ಪಿಎಚ್‌ಪಿ ಭಾಗ ಮೈಎಸ್‌ಕ್ಯೂಎಲ್ ಡೇಟಾಬೇಸ್ ಮ್ಯಾಗ ಇದ್ರ ಅಕ್ಷರ ಸಂಕೇತ ಯುಟಿಎಫ್8ಎಂಬಿ4 ಮಾಡ್ರಿ, ಇಲ್ಲಂದ್ರ ಕನ್ನಡ ಕೂಡಲ್ಲ.

ಆಳಂದ_ಅಕ್ಕ
ಕನ್ನಡ ಕೂರುತ್ತದೆ. ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ 3 ಬೈಟ್ ಸಾಕು, ಹಳೆಯ ಯುಟಿಎಫ್8 ಅಷ್ಟನ್ನು ಹಿಡಿಯುತ್ತದೆ. 4 ಬೈಟ್ ಕೇಳುವುದು ಇಮೋಜಿ. ಅಂಗಡಿಯವರು ಷರಾದಲ್ಲಿ ಹೆಬ್ಬೆರಳಿನ ಚಿತ್ರ ಹಾಕಿದ ದಿನ ಹಳೆಯ ಕಾಲಮ್ ಎರರ್ ಕೊಡುತ್ತದೆ. ಹಾಗಾಗಿ ಎಂಬಿ4 ಮಾಡಿ, ಕಾರಣ ಮಾತ್ರ ಬೇರೆ.

ಶಹಾಪುರ_ಡೆವ್ (ಯಾದಗಿರಿ)
ಮಾಡೋದು ಅದೇ ಆಯ್ತಲ್ಲಕ್ಕಾ. ವಾದಕ್ಕ ನೀವು, ಕೆಲಸಕ್ಕ ನಾವು.

ಗಂಜ್_ಕೋಡರ್ (ಕಲಬುರಗಿ)
ಡ್ರಾಪ್ಲೆಟ್ ಅಂತ ಪಕ್ಕಾ ಮಾಡ್ದ್ವಿ. ಡಿಜಿಟಲ್ ಓಷನ್ ವಾರದ ಬ್ಯಾಕಪ್ ಒಂದೇ ಸಾಕೇನ್ರಿ?

ಕಾಕಾ_ಲಿನಕ್ಸ್ (ಕಲಬುರಗಿ)
ಲೆಕ್ಕದ ಡೇಟಾಕ್ಕ ಸಾಲಲ್ಲ. ಶನಿವಾರ ಬ್ಯಾಕಪ್ ಆಗಿ ಶುಕ್ರವಾರ ಡಿಸ್ಕ್ ಹೋದ್ರ ಆರು ದಿವಸದ ಪಟ್ಟಿ ಹೋದ್ವು. ರಾತ್ರಿ ವರದಿ ಜಾಬ್ ಆದ ಮ್ಯಾಗ ಪಿಜಿಡಂಪ್ (ಪೋಸ್ಟ್‌ಗ್ರೆಸ್ ಪ್ರತಿ) ಕಸ್ಟಮ್ ಫಾರ್ಮ್ಯಾಟ್ ಒಳಗ ತಗದು, ಆರ್‌ಕ್ಲೋನ್ (ಫೈಲ್ ಕಳಿಸೋ ಸಾಧನ) ಹಚ್ಚಿ ಕ್ಲೌಡ್‌ಫ್ಲೇರ್ ಆರ್2 ಸಂಗ್ರಹಕ್ಕ ಕಳಿಸ್ರಿ. 10 ಜಿಬಿ ತನಕ ಫ್ರೀ, ವಾಪಸ್ ತರ್ಲಿಕ್ಕ ಡೇಟಾ ಶುಲ್ಕನೂ ಇಲ್ಲ. ಆರ್2ಗೆ ಕಳಿಸ್ಲಿಕ್ಕ ಸರ್ವರಿನಾಗ ಇಡೋ ಕೀ ಬರೀಲಿಕ್ಕ ಅಷ್ಟೇ ಅಲ್ಲ, ಅಳಿಸ್ಲಿಕ್ಕೂ ಬರ್ತದ ಅನ್ನೋದು ನೆನಪಿರ್ಲಿ. ಸರ್ವರ್ ಯಾರಾದ್ರೂ ಒಡೆದ್ರ ಬ್ಯಾಕಪ್ಪೂ ಅಳಿಸ್ತಾರ. ವಾರಕ್ಕೊಮ್ಮೆ ಒಂದು ಪ್ರತಿ ಅಂಗಡಿಯ ಪಿಸಿಗೆ ಇಳಿಸ್ಕೊಳ್ರಿ.

ಬೀದರ್_ಬೈಟ್
ಆ ಪಿಸಿ ಮ್ಯಾಗ ರಿಸ್ಟೋರ್ ಮಾಡುವಾಗ "ಅನ್‌ಸಪೋರ್ಟೆಡ್ ವರ್ಷನ್ ಇನ್ ಫೈಲ್ ಹೆಡರ್" ಬಂದ್ರ?

ಕಾಕಾ_ಲಿನಕ್ಸ್ (ಕಲಬುರಗಿ)
ಪಿಸಿಯೊಳಗಿನ ಪಿಜಿರಿಸ್ಟೋರ್ ಹಳೇದು, ಸರ್ವರಿಂದು ಹೊಸದು ಅಂತ ಅರ್ಥ. ಪಿಸಿ ಮ್ಯಾಗ ಸರ್ವರಿನ ವರ್ಷನ್ನೇ ಹಾಕ್ರಿ, ಇಲ್ಲಾ ಅದಕ್ಕಿಂತ ಹೊಸದು. ಡಂಪ್ ಫೈಲ್ ಕೆಟ್ಟಿರಲ್ಲ, ಅಳಿಸಬ್ಯಾಡ್ರಿ.